ಗ್ರೀನ್ಸ್‌ಬರ್ಗ್: ಕಚೇರಿ ಉಳಿಯಿತು, ಅರ್ಧ ಊರು ಉಳಿಯಿತು

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಗ್ರೀನ್ಸ್‌ಬರ್ಗ್ ಅಂತ ಒಂದು ಪುಟ್ಟ ಊರಿದೆ. ಅದರ ಬಗ್ಗೆ ಎರಡು ಥರದ ಮಾತು ಕೇಳಿಬರುತ್ತದೆ. ಸುಂಟರಗಾಳಿಗೆ ನೆಲಸಮವಾಗಿ, ಆಮೇಲೆ ಪರಿಸರಸ್ನೇಹಿಯಾಗಿ ಎದ್ದು ನಿಂತ ಊರು ಅನ್ನುವುದು ಒಂದು. ಅಷ್ಟೆಲ್ಲ ದುಡ್ಡು ಸುರಿದರೂ ಅರ್ಧ ಜನ ವಾಪಸ್ ಬರದ ಊರು ಅನ್ನುವುದು ಇನ್ನೊಂದು. ಎರಡೂ ನಿಜ. 2000ದ ಜನಗಣತಿಯಲ್ಲಿ ಇಲ್ಲಿ 1,574 ಜನ ಇದ್ದರು. 2010ರಲ್ಲಿ 777. 2020ರಲ್ಲಿ 740.

ಈ ಮಾತು ಹೇಳುವವರು ಒಂದು ವಿಷಯವನ್ನು ಮಾತ್ರ ಸುಮ್ನೆ ದಾಟಿ ಹೋಗುತ್ತಾರೆ. ಗ್ರೀನ್ಸ್‌ಬರ್ಗ್ ಬರೀ ಒಂದು ಊರಲ್ಲ, ಕಯೋವಾ ಕೌಂಟಿಯ ಆಡಳಿತ ಕೇಂದ್ರ. ಕೋರ್ಟು, ಜಮೀನಿನ ದಾಖಲೆ, ತೆರಿಗೆ ಕಟ್ಟುವ ಕಚೇರಿ, ಶೆರಿಫ್, ಆಸ್ಪತ್ರೆ ಎಲ್ಲ ಇಲ್ಲೇ. ನಮ್ಮ ತಾಲ್ಲೂಕು ಕೇಂದ್ರವನ್ನು ನೆನಪಿಸಿಕೊಂಡರೆ ಚಿತ್ರ ಸಿಗುತ್ತದೆ. ಜನಸಂಖ್ಯೆಯಲ್ಲಿ ಮಾತ್ರ ಅದು ನಮ್ಮ ಒಂದು ಸಣ್ಣ ಹಳ್ಳಿಯಷ್ಟು. ಸುಂಟರಗಾಳಿಯ ನಂತರ ಈ ಊರು ಏನಾಯಿತು, ಏನಾಗಲಿಲ್ಲ ಎರಡಕ್ಕೂ ದೊಡ್ಡ ಕಾರಣ ಈ ಕೇಂದ್ರದ ಪಟ್ಟವೇ ಅಂತ ನನಗೆ ಅನ್ನಿಸುತ್ತದೆ. ಸೋಲಾರ್ ಮತ್ತು ಗಾಳಿಯಂತ್ರದ ಕಥೆ ಅದರ ನಂತರ ಬರುತ್ತದೆ.

ಊರು ಹುಟ್ಟಿದ ಬಗೆ

ಕಾನ್ಸಾಸ್‌ನಲ್ಲಿ 105 ಕೌಂಟಿಗಳಿವೆ. 1880ರ ದಶಕದಲ್ಲಿ ರಾಜ್ಯದ ಪಶ್ಚಿಮ ಭಾಗದಲ್ಲಿ ರೈಲು ಬರುತ್ತಿತ್ತು, ಊರುಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಕೌಂಟಿ ಕೇಂದ್ರ ಯಾವ ಊರಿಗೆ ಸಿಗುತ್ತದೆ ಅನ್ನುವುದು ಆಗ ಜೀವನ್ಮರಣದ ಪ್ರಶ್ನೆ. ಕೇಂದ್ರ ಸಿಕ್ಕ ಊರಿನಲ್ಲಿ ವಕೀಲರು, ಬ್ಯಾಂಕು, ಹೋಟೆಲು, ಪತ್ರಿಕೆ. ಸಿಗದ ಊರು ಕೆಲವೇ ವರ್ಷದಲ್ಲಿ ಗೋಧಿ ಹೊಲ. ಉತ್ಪ್ರೇಕ್ಷೆ ಅಲ್ಲ, ಇದಕ್ಕಾಗಿ ಗುಂಡು ಹಾರಿಸಿದ್ದಾರೆ. 1889ರಲ್ಲಿ ಗ್ರೇ ಕೌಂಟಿಯಲ್ಲಿ ಸಿಮರಾನ್ ಮತ್ತು ಇಂಗಲ್ಸ್ ಅನ್ನುವ ಎರಡು ಊರುಗಳು ದಾಖಲೆ ಪುಸ್ತಕಗಳಿಗಾಗಿ ಬಂದೂಕು ಹಿಡಿದು ಕಾದಾಡಿದವು.

ಕಯೋವಾ ಕೌಂಟಿ ಈಗಿನ ರೂಪಕ್ಕೆ ಬಂದಿದ್ದು 1886ರಲ್ಲಿ. ಗ್ರೀನ್ಸ್‌ಬರ್ಗ್ ಅದರ ಕೇಂದ್ರವಾಯಿತು. ಊರಿಗೆ ಹೆಸರು ಬಂದಿದ್ದು ಕುದುರೆ ಗಾಡಿ ಸಾರಿಗೆ ನಡೆಸುತ್ತಿದ್ದ ಡಿ. ಆರ್. ಗ್ರೀನ್ ಅನ್ನುವವನಿಂದ. ಅವನ ಅಡ್ಡಹೆಸರು 'ಕ್ಯಾನನ್‌ಬಾಲ್', ಅಂದರೆ ಫಿರಂಗಿ ಗುಂಡು. ಅಷ್ಟು ಜೋರಾಗಿ ಗಾಡಿ ಓಡಿಸುತ್ತಿದ್ದನಂತೆ. 'ಗ್ರೀನ್' ಅಂತ ಹೆಸರಿರುವ ಊರು 120 ವರ್ಷದ ನಂತರ ಹಸಿರು ಊರಾಗಿದ್ದು ಬರೀ ಕಾಕತಾಳೀಯ. ಪತ್ರಕರ್ತರಿಗೆ ಮಾತ್ರ ಅದು ಹಬ್ಬದೂಟ.

1887–88ರಲ್ಲಿ ಇಲ್ಲಿ ಒಂದು ಬಾವಿ ತೋಡಿದರು. ರೈಲಿನ ಉಗಿ ಎಂಜಿನ್‌ಗೆ ಮತ್ತು ಊರಿಗೆ ನೀರು ಬೇಕಿತ್ತು. ಹಾರೆ, ಗುದ್ದಲಿ, ಸಲಿಕೆಯಲ್ಲೇ ಕೆಲಸ. 109 ಅಡಿ ಆಳ, 32 ಅಡಿ ಅಗಲ. ಒಳಗೋಡೆಗೆ ಕಲ್ಲು ಕಟ್ಟಿದರು. 1932ರವರೆಗೂ ಊರಿನವರು ಇದೇ ನೀರು ಕುಡಿದರು. ಕೈಯಲ್ಲಿ ತೋಡಿದ ಬಾವಿಗಳಲ್ಲಿ ಜಗತ್ತಿಗೇ ದೊಡ್ಡದು ಅಂತ ಬೋರ್ಡು ಹಾಕಿ ಆಮೇಲೆ ಪ್ರವಾಸಿಗರಿಗೆ ತೋರಿಸಲು ಶುರು ಮಾಡಿದರು. (ನಮ್ಮ ಕಡೆಯ ಹಳೆಯ ಬಾವಿಗಳನ್ನು ನೋಡಿದವರಿಗೆ 'ಜಗತ್ತಿಗೇ ದೊಡ್ಡದು' ಅನ್ನುವ ಮಾತಿನ ಬಗ್ಗೆ ಒಂದಿಷ್ಟು ಅನುಮಾನ ಬಂದರೆ ತಪ್ಪಿಲ್ಲ.) ಪಕ್ಕದಲ್ಲೇ ಸುಮಾರು 1,000 ಪೌಂಡ್ ತೂಕದ ಒಂದು ಉಲ್ಕಾಶಿಲೆಯ ಪ್ರದರ್ಶನ. ಹೆದ್ದಾರಿಯಲ್ಲಿ ಹೋಗುವವರು ಹತ್ತು ನಿಮಿಷ ನಿಲ್ಲಿಸಿ ಬಾವಿ ಇಳಿದು, ಐಸ್‌ಕ್ರೀಂ ತಿಂದು ಮುಂದೆ ಹೋಗುತ್ತಿದ್ದರು.

ಊರು ನಿಜವಾಗಿ ಬದುಕಿದ್ದು ಗೋಧಿ, ದನ ಮತ್ತು ಒಂದಿಷ್ಟು ತೈಲದ ಮೇಲೆ. ಟ್ರ್ಯಾಕ್ಟರ್ ದೊಡ್ಡದಾದಷ್ಟೂ ಜಮೀನಿನ ಹಿಡುವಳಿ ದೊಡ್ಡದಾಯಿತು, ಮನೆಗಳ ಸಂಖ್ಯೆ ಇಳಿಯಿತು. 1960ರಲ್ಲಿ ಊರಿನಲ್ಲಿ ಸುಮಾರು 2,000 ಜನ ಇದ್ದರು. ಓದಿದ ಮಕ್ಕಳು ವಿಚಿಟಾಗೋ ಇನ್ನೂ ದೂರಕ್ಕೋ ಹೋದರು. 2007ರ ಹೊತ್ತಿಗೆ ಉಳಿದವರಲ್ಲಿ ವಯಸ್ಸಾದವರೇ ಜಾಸ್ತಿ. ಸುಂಟರಗಾಳಿ ಬಂದಾಗ ಅದು ಬೆಳೆಯುತ್ತಿದ್ದ ಊರಲ್ಲ, ಮೆಲ್ಲಗೆ ಕುಗ್ಗುತ್ತಿದ್ದ ಊರು. ಮುಂದಿನದನ್ನೆಲ್ಲ ಅಳೆಯುವಾಗ ಇದನ್ನು ಮರೆಯಬಾರದು.

ಮೇ 4ರ ರಾತ್ರಿ

2007ರ ಮೇ 4, ಶುಕ್ರವಾರ. ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಊರಿನ ನೈಋತ್ಯಕ್ಕೆ ಸುಂಟರಗಾಳಿ ನೆಲ ಮುಟ್ಟಿತು. ಡಾಡ್ಜ್ ಸಿಟಿಯಲ್ಲಿರುವ ಹವಾಮಾನ ಕಚೇರಿಯವರು ರೇಡಾರ್‌ನಲ್ಲಿ ನೋಡುತ್ತಲೇ ಇದ್ದರು. ಮಾಮೂಲಿ ಎಚ್ಚರಿಕೆ ಸಾಲದು ಅನ್ನಿಸಿ, ಬಹಳ ಅಪರೂಪಕ್ಕೆ ಬಳಸುವ 'ಸುಂಟರಗಾಳಿ ತುರ್ತುಸ್ಥಿತಿ' ಸೂಚನೆ ಕೊಟ್ಟರು. ಊರಿನ ಸೈರನ್ ಸುಮಾರು ಇಪ್ಪತ್ತು ನಿಮಿಷ ಮೊದಲೇ ಕೂಗಿತು. ಜನ ನೆಲಮಾಳಿಗೆಗೆ ಇಳಿದರು. ಒಂಬತ್ತೂ ಮುಕ್ಕಾಲರ ಸುಮಾರಿಗೆ ಗಾಳಿ ಊರಿಗೆ ನುಗ್ಗಿತು.

ಅದರ ಅಗಲ 1.7 ಮೈಲಿ. ಊರಿಗಿಂತ ಗಾಳಿಯೇ ಅಗಲ. ಸಾಮಾನ್ಯವಾಗಿ ಸುಂಟರಗಾಳಿ ಒಂದು ಬೀದಿಯನ್ನು ಕೆಡವಿ ಪಕ್ಕದ ಬೀದಿಯನ್ನು ಬಿಟ್ಟುಹೋಗುತ್ತದೆ. ಇಲ್ಲಿ ಪಕ್ಕದ ಬೀದಿ ಅಂತ ಒಂದು ಇರಲೇ ಇಲ್ಲ. ವೇಗ ಗಂಟೆಗೆ 205 ಮೈಲಿ, ಅಂದರೆ 330 ಕಿಲೋಮೀಟರ್ ಅಂತ ಅಂದಾಜು ಮಾಡಿದರು. ಗಾಳಿಯ ತೀವ್ರತೆ ಅಳೆಯುವ ಹೊಸ ಮಾಪಕ ಅಮೆರಿಕದಲ್ಲಿ ಆ ವರ್ಷದ ಫೆಬ್ರವರಿಯಲ್ಲಷ್ಟೇ ಜಾರಿಗೆ ಬಂದಿತ್ತು. ಅದರ ಅತಿ ಮೇಲಿನ ದರ್ಜೆ ಇಎಫ್-5. ಆ ದರ್ಜೆ ಮೊದಲು ಸಿಕ್ಕಿದ್ದು ಗ್ರೀನ್ಸ್‌ಬರ್ಗ್‌ನ ಈ ಗಾಳಿಗೆ.

ಊರಿನ ಶೇ. 95ರಷ್ಟು ಹೋಯಿತು. ಶಾಲೆ, ಆಸ್ಪತ್ರೆ, ನಗರ ಕಚೇರಿ, ಚರ್ಚುಗಳು, ಹಳೆಯ ಔಷಧಿ ಅಂಗಡಿ, ಸಿನಿಮಾ ಮಂದಿರ, ಮರಗಳು. ನೆಟ್ಟಗೆ ಉಳಿದಿದ್ದು ಧಾನ್ಯ ತುಂಬಿಡುವ ದೊಡ್ಡ ಕಾಂಕ್ರೀಟ್ ಗೋದಾಮು ಮತ್ತು ಪೆಟ್ಟು ತಿಂದರೂ ಬೀಳದ, 1914ರಲ್ಲಿ ಕಟ್ಟಿದ ಕೌಂಟಿ ಕೋರ್ಟು ಕಟ್ಟಡ. ಹತ್ತಕ್ಕೂ ಹೆಚ್ಚು ಜನ ಸತ್ತರು. ಒಂದೊಂದು ಸಾವೂ ದೊಡ್ಡದೇ. ಆದರೂ ಊರಿನ ಗತಿ ನೋಡಿದರೆ ಸಂಖ್ಯೆ ನೂರು ದಾಟಬೇಕಿತ್ತು. ದಾಟಲಿಲ್ಲ ಅಂದರೆ ಅದು ಆ ಇಪ್ಪತ್ತು ನಿಮಿಷದ ಸೈರನ್ ಮತ್ತು ನೆಲಮಾಳಿಗೆಗಳ ಪುಣ್ಯ.

ಬಾವಿಗೆ ಏನೂ ಆಗಲಿಲ್ಲ. ಅದರ ಮೇಲಿದ್ದ ಅಂಗಡಿ, ಪ್ರದರ್ಶನದ ಕಟ್ಟಡ ಹಾರಿಹೋಯಿತು. ಉಲ್ಕಾಶಿಲೆ ಅವಶೇಷದಡಿ ಸಿಕ್ಕಿತು.

ಮೊದಲ ಪ್ರಶ್ನೆ: ಕಟ್ಟಬೇಕಾ, ಬೇಡವಾ?

ಇದು ಕೇಳಲೇಬೇಕಾದ ಪ್ರಶ್ನೆಯಾಗಿತ್ತು. ಪೂರ್ವಕ್ಕೆ ಸುಮಾರು 30 ಮೈಲಿ ಹೋದರೆ ಪ್ರಾಟ್ ಇದೆ. ಪಶ್ಚಿಮಕ್ಕೆ ಇನ್ನೊಂದಿಷ್ಟು ದೂರದಲ್ಲಿ ಡಾಡ್ಜ್ ಸಿಟಿ. ಎರಡೂ ಕಡೆ ಮನೆ, ಅಂಗಡಿ, ಆಸ್ಪತ್ರೆ ಎಲ್ಲ ಉಂಟು. ಕುಗ್ಗುತ್ತಿದ್ದ ಊರನ್ನು ಸಾರ್ವಜನಿಕ ದುಡ್ಡಿನಲ್ಲಿ ಮತ್ತೆ ಯಾಕೆ ಕಟ್ಟಬೇಕು? ಹೊರಗಿನ ಲೆಕ್ಕ ಪರಿಶೋಧಕ ಯಾರಾದರೂ ಇದನ್ನೇ ಕೇಳುತ್ತಾನೆ.

ಬರೀ ಮನೆಗಳಿದ್ದ ಊರಾಗಿದ್ದರೆ ಉತ್ತರ ಕಷ್ಟವಿತ್ತು. ಆದರೆ ಕೌಂಟಿಗೆ ಕೇಂದ್ರ ಬೇಕು, ಅದು ಕಾನೂನಿನ ಮಾತು. ರೈತ ಜಮೀನು ನೋಂದಣಿಗೆ ಎಲ್ಲಿಗೆ ಹೋಗಬೇಕು? ಕೋರ್ಟು ಎಲ್ಲಿ ಕೂರಬೇಕು? ಕಟ್ಟಡ ನಿಂತಿತ್ತು, ಜವಾಬ್ದಾರಿಯೂ ನಿಂತಿತ್ತು. ಕಚೇರಿಗಳು ಟ್ರೇಲರ್‌ಗಳಿಂದ ಕೆಲಸ ಶುರು ಮಾಡಿದವು. ಅಲ್ಲಿ ಕೆಲಸ ಮಾಡುವವರಿಗೆ ಸಂಬಳ ನಿಲ್ಲಲಿಲ್ಲ. ಸಂಬಳ ಬರುವ ಮನೆಯವರು ಹತ್ತಿರ ಉಳಿಯುವ ದಾರಿ ಹುಡುಕಿದರು. ಫೆಮಾ, ಅಂದರೆ ಅಮೆರಿಕದ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆ, ಊರಿನ ಅಂಚಿನಲ್ಲಿ ಟ್ರೇಲರ್ ಮನೆಗಳ ಸಾಲು ನಿಲ್ಲಿಸಿತು. ಜನ ಅದನ್ನು 'ಫೆಮಾವಿಲ್' ಅಂತ ಕರೆದರು.

ಶಾಲೆಯದು ಇನ್ನೂ ದೊಡ್ಡ ಪಾತ್ರ. ಆಗ ಶಾಲಾ ಜಿಲ್ಲೆಯ, ಅಂದರೆ ಆ ಭಾಗದ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯ, ಮುಖ್ಯಸ್ಥರಾಗಿದ್ದವರು ಡ್ಯಾರಿನ್ ಹೆಡ್ರಿಕ್. ಆಗಸ್ಟ್‌ನಲ್ಲಿ ಶಾಲೆ ಇಲ್ಲೇ ಶುರುವಾಗುತ್ತದೆ ಅಂತ ಅವರು ಮೊದಲೇ ಘೋಷಿಸಿಬಿಟ್ಟರು. ಕಟ್ಟಡ ಇಲ್ಲ, ಪುಸ್ತಕ ಇಲ್ಲ, ಬೆಂಚಿಲ್ಲ. ಆದರೂ ಆಗಸ್ಟ್‌ನಲ್ಲಿ ಟ್ರೇಲರ್‌ಗಳಲ್ಲಿ ಪಾಠ ಶುರುವಾಯಿತು. ಈ ಇಡೀ ಪ್ರಕರಣದಲ್ಲಿ ಅತ್ಯಂತ ಜಾಣ ನಿರ್ಧಾರ ಇದೇ ಅಂತ ನನ್ನ ಅಭಿಪ್ರಾಯ. ಒಂದು ವರ್ಷ ಮಕ್ಕಳು ಬೇರೆ ಊರಿನ ಶಾಲೆಗೆ ಸೇರಿದರೆ, ಅಲ್ಲಿ ಗೆಳೆಯರಾಗುತ್ತಾರೆ, ಅಪ್ಪ ಅಮ್ಮ ಅಲ್ಲೇ ಮನೆ ಹಿಡಿಯುತ್ತಾರೆ, ಮುಗಿಯಿತು. ಸೋಲಾರ್ ಫಲಕ ಆಮೇಲೆ ಹಾಕಬಹುದು. ಹೋದ ಮಕ್ಕಳನ್ನು ಆಮೇಲೆ ಕರೆತರುವುದಕ್ಕೆ ಆಗುವುದಿಲ್ಲ.

ಹಸಿರು ಯಾಕೆ ಬಂತು

ಗಾಳಿ ಬಂದ ಕೆಲವೇ ದಿನಕ್ಕೆ ಈ ಮಾತು ಶುರುವಾಯಿತು. ಆಗಿನ ಮೇಯರ್ ಲಾನಿ ಮೆಕಾಲಮ್, ಗವರ್ನರ್ ಕ್ಯಾಥ್ಲೀನ್ ಸೆಬೆಲಿಯಸ್ ಇಬ್ಬರೂ ಊರನ್ನು ಬೇರೆ ಥರ ಕಟ್ಟೋಣ ಅನ್ನುವ ಕಡೆ ಒಲವು ತೋರಿದರು. ಅದೇ ಹೊತ್ತಿಗೆ ಆ ಭಾಗದಲ್ಲೇ ವಾಸವಿದ್ದ ಡೇನಿಯಲ್ ವಾಲಾಕ್ ಅನ್ನುವವರು ಒಂದು ಯೋಜನೆಯ ಟಿಪ್ಪಣಿ ಹಿಡಿದು ಬಂದರು. ಮುಂದೆ ಇದಕ್ಕಾಗಿಯೇ 'ಗ್ರೀನ್ಸ್‌ಬರ್ಗ್ ಗ್ರೀನ್‌ಟೌನ್' ಅನ್ನುವ ಸಂಸ್ಥೆ ಕಟ್ಟಿದರು. ಮೆಕಾಲಮ್ ಕೆಲವೇ ವಾರದಲ್ಲಿ ರಾಜೀನಾಮೆ ಕೊಟ್ಟರು. ದಿನದಿನದ ಭಾರವೆಲ್ಲ ನಗರ ಆಡಳಿತಾಧಿಕಾರಿ ಸ್ಟೀವ್ ಹ್ಯುವಿಟ್ ಮೇಲೆ ಬಿತ್ತು. ಅವರ ಮನೆಯೂ ಹೋಗಿತ್ತು.

ದೊಡ್ಡ ಡೇರೆ ಹಾಕಿ ಸಭೆ ಮೇಲೆ ಸಭೆ ನಡೆಸಿದರು. ನೂರಾರು ಜನ ಬರುತ್ತಿದ್ದರು. ಸುಲಭದ ಸಭೆಗಳಲ್ಲ. ಇದು ತಲೆಮಾರುಗಳಿಂದ ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುವ ನಾಡು. 'ಗ್ರೀನ್' ಅಂದರೆ ನಗರದ ಉದ್ದ ಕೂದಲಿನವರ ಚಟ, ರಾಜಕೀಯ ಅಂತ ಅನುಮಾನ ಪಡುವವರೇ ಜಾಸ್ತಿ. ಮನೆ ಕಳೆದುಕೊಂಡು ಟ್ರೇಲರ್‌ನಲ್ಲಿ ಕೂತವರಿಗೆ ಯಾರೋ ಬಂದು ಇಂಗಾಲದ ಲೆಕ್ಕ ಹೇಳಿದರೆ ಸಿಟ್ಟು ಬರುವುದು ಸಹಜ, ಅಲ್ವಾ?

ಮಾತು ತಿರುಗಿದ್ದು ಬೇರೆ ಕಡೆಯಿಂದ. 2008ರಲ್ಲಿ ಮೇಯರ್ ಆದ ಬಾಬ್ ಡಿಕ್ಸನ್ ಮೊದಲು ಅದೇ ಊರಿನ ಪೋಸ್ಟ್‌ಮಾಸ್ಟರ್ ಆಗಿದ್ದವರು. ಹಸಿರು ಅನ್ನುವುದು ಹೊಸ ಫ್ಯಾಷನ್ ಅಲ್ಲ, ಇಲ್ಲಿಗೆ ಮೊದಲು ಬಂದು ನೆಲೆಸಿದ ನಮ್ಮ ಹಿರಿಯರೇ ಹಾಗಿದ್ದರು ಅಂತ ಅವರು ಹೋದಲ್ಲೆಲ್ಲ ಹೇಳಿದರು. ಮಣ್ಣಿನ ಹೆಂಟೆಯಿಂದ ಮನೆ ಕಟ್ಟಿದವರು, ಗಾಳಿಯಂತ್ರದಿಂದ ನೀರೆತ್ತಿದವರು, ಯಾವುದನ್ನೂ ಬಿಸಾಡದವರು. ರೈತನಿಗೆ ಈ ಮಾತು ಹಿಡಿಸಿತು. ಭೂಮಿ ಕಾಯುವುದು, ಕರೆಂಟು ಬಿಲ್ಲು ಉಳಿಸುವುದು, ಇದನ್ನು ಬೇಡ ಅನ್ನುವವರು ಯಾರು? ಇದರ ಹಿಂದೆ ಒಂದು ಲೆಕ್ಕವೂ ಇತ್ತು. ಸಾವಿರ ಜನರ ಊರು ಮಾಮೂಲಿಯಾಗಿ ಮತ್ತೆ ಕಟ್ಟಿಕೊಂಡರೆ ಎರಡನೇ ವಾರಕ್ಕೆ ಪತ್ರಿಕೆಯವರು ಮರೆಯುತ್ತಾರೆ. ದೇಶದ ಮೊದಲ ಹಸಿರು ಊರು ಅಂದರೆ ವಾಷಿಂಗ್ಟನ್ ಕೂಡ ಕಿವಿಗೊಡುತ್ತದೆ. ಹಾಗೇ ಆಯಿತು. ಅಧ್ಯಕ್ಷ ಬುಷ್ ಗಾಳಿ ಬಂದ ವಾರದೊಳಗೆ ಬಂದಿದ್ದರು. ಸರಿಯಾಗಿ ಒಂದು ವರ್ಷಕ್ಕೆ, 2008ರ ಮೇ 4ರಂದು, ಹೈಸ್ಕೂಲಿನ ಪದವಿ ಸಮಾರಂಭಕ್ಕೆ ಮತ್ತೆ ಬಂದು ಭಾಷಣ ಮಾಡಿದರು. 2009ರ ಫೆಬ್ರವರಿಯಲ್ಲಿ ಒಬಾಮಾ ಸಂಸತ್ತಿನ ಮುಂದೆ ಮಾತನಾಡುವಾಗ ಈ ಊರಿನ ಹೆಸರು ಹೇಳಿದರು. ಡಿಸ್ಕವರಿ ಬಳಗದ ಪ್ಲಾನೆಟ್ ಗ್ರೀನ್ ಚಾನೆಲ್ ಇಡೀ ಧಾರಾವಾಹಿಯನ್ನೇ ಮಾಡಿತು. ಪಕ್ಕದ ಕೌಂಟಿಗಳ ಯಾವ ಊರಿಗೂ ಇಂಥ ಗಮನ ಸಿಕ್ಕಿಲ್ಲ.

ಕಟ್ಟಡಗಳ ನಿರ್ಧಾರ

2007ರ ಡಿಸೆಂಬರ್‌ನಲ್ಲಿ ನಗರಸಭೆ ಒಂದು ಠರಾವು ಮಾಡಿತು. 4,000 ಚದರ ಅಡಿಗಿಂತ ದೊಡ್ಡದಾದ ನಗರಸಭೆಯ ಪ್ರತಿ ಕಟ್ಟಡವೂ ಲೀಡ್ ಪ್ಲಾಟಿನಂ ಮಟ್ಟದ್ದಾಗಿರಬೇಕು. ಲೀಡ್ ಅಂದರೆ ಕಟ್ಟಡ ಎಷ್ಟು ನೀರು, ವಿದ್ಯುತ್ ಉಳಿಸುತ್ತದೆ, ಎಂಥ ಸಾಮಗ್ರಿ ಬಳಸಿದೆ ಅಂತ ನೋಡಿ ಕೊಡುವ ಪ್ರಮಾಣಪತ್ರ. ಪ್ಲಾಟಿನಂ ಅದರ ಅತಿ ಮೇಲಿನ ಮಟ್ಟ. ಕಟ್ಟಡ ನಿಯಮದ ಮಟ್ಟಕ್ಕಿಂತ ಕನಿಷ್ಠ ಶೇ. 42 ಕಡಿಮೆ ಇಂಧನ ಬಳಸಬೇಕು ಅಂತಲೂ ಸೇರಿಸಿದರು. ಅಮೆರಿಕದಲ್ಲಿ ಇಂಥ ನಿರ್ಧಾರ ಮಾಡಿದ ಮೊದಲ ಊರು ಇದೇ. ನ್ಯೂಯಾರ್ಕ್ ಅಲ್ಲ, ಸ್ಯಾನ್ ಫ್ರಾನ್ಸಿಸ್ಕೋ ಅಲ್ಲ.

ಯಾರಿಗೆ ಅನ್ವಯಿಸುತ್ತದೆ ಅನ್ನುವುದನ್ನು ಗಮನಿಸಿ. ನಗರಸಭೆಯ ಕಟ್ಟಡಗಳಿಗೆ ಮಾತ್ರ. ಮನೆ ಕಟ್ಟುವವರ ಮೇಲೆ ಯಾವ ಒತ್ತಾಯವೂ ಇಲ್ಲ. ಆಸ್ಪತ್ರೆ ಮತ್ತು ಕೋರ್ಟು ಕೌಂಟಿಯವು, ಶಾಲೆ ಶಾಲಾ ಜಿಲ್ಲೆಯದು. ಅವರ ಮೇಲೆ ನಗರಸಭೆಯ ಠರಾವು ನಡೆಯುವುದಿಲ್ಲ. ಅವರು ತಾವಾಗಿಯೇ ಜೊತೆಗೆ ಬಂದರು. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರುವವರು, ಒಂದೇ ಡೇರೆಯ ಸಭೆಯಲ್ಲಿ ಕೂತವರು. ಎಲ್ಲ ಸಂಸ್ಥೆಯೂ ಒಂದೇ ಕೇಂದ್ರ ಊರಿನಲ್ಲಿದ್ದುದರ ಲಾಭ ಇಲ್ಲಿ ಚೆನ್ನಾಗಿ ಕಾಣುತ್ತದೆ. ಕಾನ್ಸಾಸ್ ಸಿಟಿಯ ಬಿಎನ್‌ಐಎಂ ಅನ್ನುವ ವಾಸ್ತುಶಿಲ್ಪ ಸಂಸ್ಥೆ ಊರಿನ ನಕ್ಷೆ ಮಾಡಿತು. ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಪರಿಣತರು ಬಂದು ಲೆಕ್ಕ ಹಾಕಿಕೊಟ್ಟರು.

ಮೊದಲು ಎದ್ದಿದ್ದು ಒಂದು ಕಲಾ ಕೇಂದ್ರ. ಹೆಸರು '5.4.7', ಗಾಳಿ ಬಂದ ದಿನಾಂಕ. ಕಾನ್ಸಾಸ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ತಾವೇ ಕಟ್ಟಿದರು. ಗಾಜಿನ ಡಬ್ಬಿಯಂಥ ಆ ಕಟ್ಟಡ ರಾಜ್ಯದ ಮೊದಲ ಲೀಡ್ ಪ್ಲಾಟಿನಂ. ಮನೆಯೇ ಇಲ್ಲದ ಊರಿಗೆ ಮೊದಲು ಕಲಾ ಕೇಂದ್ರ ಯಾಕೆ ಅಂತ ಕೇಳಬಹುದು. ಏನೋ ಒಂದು ಮೇಲೆದ್ದಿದ್ದು ಕಣ್ಣಿಗೆ ಕಂಡಿತು, ಅದರ ಬೆಲೆ ಅಷ್ಟೇ.

ನಗರ ಕಚೇರಿಗೆ ಬಿದ್ದ ಕಟ್ಟಡಗಳ ಇಟ್ಟಿಗೆಯನ್ನೇ ಆರಿಸಿ ಬಳಸಿದರು. ಅಂಗಡಿ ಕಳೆದುಕೊಂಡ ಸಣ್ಣ ವ್ಯಾಪಾರಿಗಳಿಗೆ ಕಡಿಮೆ ಬಾಡಿಗೆಗೆ ಜಾಗ ಕೊಡಲು ಒಂದು ಕಟ್ಟಡ ಬಂತು. ಅದಕ್ಕೆ ಸನ್‌ಚಿಪ್ಸ್ ತಯಾರಿಸುವ ಕಂಪನಿ ದುಡ್ಡು ಕೊಟ್ಟಿತು. ಆಸ್ಪತ್ರೆ 2010ರಲ್ಲಿ ತೆರೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ಶಾಲೆ. ಎರಡಕ್ಕೂ ಆವರಣದಲ್ಲೇ ಸ್ವಂತ ಗಾಳಿಯಂತ್ರ. ಶಾಲೆಯ ಹೊರಗೋಡೆಗೆ ಹಾಕಿದ ಮರದಲ್ಲಿ ಕತ್ರಿನಾ ಚಂಡಮಾರುತಕ್ಕೆ ಬಿದ್ದ ಸೈಪ್ರೆಸ್ ಮರಗಳೂ ಇವೆ. ಹಳೆಯ ಕೋರ್ಟು ಕಟ್ಟಡವನ್ನು ಕೆಡವದೆ ರಿಪೇರಿ ಮಾಡಿದರು, ಅದಕ್ಕೆ ಲೀಡ್ ಗೋಲ್ಡ್ ಸಿಕ್ಕಿತು. ಇನ್ನೊಂದು ಕಟ್ಟಡದಲ್ಲಿ ಗ್ರಂಥಾಲಯ, ಇತಿಹಾಸದ ಮ್ಯೂಸಿಯಂ, ಕೃಷಿ ವಿಸ್ತರಣಾ ಕಚೇರಿ, ಹಳೆಯ ಔಷಧಿ ಅಂಗಡಿಯ ನೆನಪಿಗೆ ಒಂದು ಸೋಡಾ ಫೌಂಟನ್ ಎಲ್ಲ ಒಟ್ಟಿಗೆ. ಬೀದಿ ದೀಪ ಪೂರ್ತಿ ಎಲ್‌ಇಡಿ, ಆ ಕಾಲಕ್ಕೆ ಅಮೆರಿಕದಲ್ಲಿ ಮೊದಲು. 2012ರಲ್ಲಿ ದೊಡ್ಡ ಬಾವಿಗೆ ಹೊಸ ಮ್ಯೂಸಿಯಂ.

ದುಡ್ಡು ಎಲ್ಲಿಂದ? ಸಾರ್ವಜನಿಕ ಕಟ್ಟಡ ಬಿದ್ದರೆ ಮತ್ತೆ ಕಟ್ಟಲು ಫೆಮಾ ಸಾಮಾನ್ಯವಾಗಿ ಶೇ. 75ರಷ್ಟು ಕೊಡುತ್ತದೆ. ಉಳಿದದ್ದು ರಾಜ್ಯ, ಸ್ಥಳೀಯ ಸಂಸ್ಥೆ, ವಿಮೆ, ದೇಣಿಗೆ. ಊರಿನ ಗುಟ್ಟು ಇಲ್ಲಿದೆ. ಕೇಂದ್ರ ಊರಾಗಿದ್ದರಿಂದ ಬಿದ್ದ ಸಾರ್ವಜನಿಕ ಕಟ್ಟಡಗಳ ಪಟ್ಟಿಯೇ ಉದ್ದವಿತ್ತು. ಹಾಗಾಗಿ ಬಂದ ನೆರವೂ ದೊಡ್ಡದು. ಕೇಂದ್ರವಲ್ಲದ, ಇಷ್ಟೇ ಜನರ ಇನ್ನೊಂದು ಊರಿಗೆ ಇದೇ ಗಾಳಿ ಹೊಡೆದಿದ್ದರೆ ಒಂದು ಅಂಚೆ ಕಚೇರಿ, ಒಂದು ಚಿಕ್ಕ ಶಾಲೆ, ಅಷ್ಟರಲ್ಲೇ ಮುಗಿಯುತ್ತಿತ್ತು.

ಗಾಳಿಯೇ ಕೊಟ್ಟ ಕರೆಂಟು

ಊರ ಹೊರಗೆ ಹತ್ತು ಗಾಳಿಯಂತ್ರಗಳ ಒಂದು ಕೇಂದ್ರ 2010ರ ಹೊತ್ತಿಗೆ ಸಿದ್ಧವಾಯಿತು. ಒಂದೊಂದು 1.25 ಮೆಗಾವ್ಯಾಟ್, ಒಟ್ಟು 12.5. ಊರಿಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಕಟ್ಟಿಸಿದ್ದು ಜಾನ್ ಡೀರ್ ಕಂಪನಿಯ ಇಂಧನ ವಿಭಾಗ, ಯಂತ್ರಗಳು ನಮ್ಮ ಪುಣೆಯ ಸುಜ್ಲಾನ್ ಕಂಪನಿಯವು. ಪಡುಬಿದ್ರಿಯವರಿಗೆ ಈ ಹೆಸರು ಹೊಸದಲ್ಲ, ರೆಕ್ಕೆ ತಯಾರಿಸುವ ಕಾರ್ಖಾನೆಯಿಂದಾಗಿ ಅಲ್ಲಿ ಮನೆಮಾತು.

ಊರು ನೂರಕ್ಕೆ ನೂರು ನವೀಕರಿಸಬಹುದಾದ ಇಂಧನದಲ್ಲಿ ನಡೆಯುತ್ತದೆ ಅಂತ ಬರೆಯುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆ ಹತ್ತು ಯಂತ್ರದಿಂದ ತಂತಿ ನೇರವಾಗಿ ಮನೆಗಳಿಗೆ ಬಂದಿಲ್ಲ. ವಿದ್ಯುತ್ತು ಜಾಲಕ್ಕೆ ಹೋಗುತ್ತದೆ. ಊರು ಸಣ್ಣ ನಗರಗಳ ಒಕ್ಕೂಟವೊಂದರ ಮೂಲಕ ಜಾಲದಿಂದ ಕೊಳ್ಳುತ್ತದೆ. ಗಾಳಿ ಬೀಸದ ರಾತ್ರಿ ಬಲ್ಬು ಉರಿಸುವುದು ಬೇರೆ ಯಾವುದೋ ಸ್ಥಾವರ. ವರ್ಷದ ಲೆಕ್ಕದಲ್ಲಿ, ಇಷ್ಟು ಹಸಿರು ವಿದ್ಯುತ್ತು ತಯಾರಾಯಿತು ಅಂತ ಕೊಡುವ ಪ್ರಮಾಣಪತ್ರಗಳ ಲೆಕ್ಕದಲ್ಲಿ ಮಾತು ನಿಜ. ಗಂಟೆಗಂಟೆಯ ಲೆಕ್ಕದಲ್ಲಿ ಅಲ್ಲ. ಇದು ಗ್ರೀನ್ಸ್‌ಬರ್ಗ್‌ನ ತಪ್ಪಲ್ಲ, 'ನೂರಕ್ಕೆ ನೂರು' ಅನ್ನುವ ಎಲ್ಲ ಊರುಗಳದ್ದೂ ಹೀಗೇ.

ನನಗೆ ಇದಕ್ಕಿಂತ ಗಟ್ಟಿ ಅನ್ನಿಸುವುದು ಉಳಿತಾಯದ ಅಂಕಿ. 13 ಸಾರ್ವಜನಿಕ ಮತ್ತು ವಾಣಿಜ್ಯ ಕಟ್ಟಡಗಳು ಸೇರಿ ವರ್ಷಕ್ಕೆ ಸುಮಾರು 2,00,000 ಡಾಲರ್ ಇಂಧನ ಖರ್ಚು ಉಳಿಸುತ್ತವೆ ಅಂತ ಮೊದಲು ಹೇಳಿದ ಕೇಂದ್ರ ಸರ್ಕಾರದ ಇಂಧನ ಪ್ರಯೋಗಾಲಯ ಲೆಕ್ಕ ಹಾಕಿತು. 800 ಜನರೂ ಇಲ್ಲದ ಊರಿಗೆ ಇದು ಸಣ್ಣ ಮೊತ್ತವಲ್ಲ. ತೆರಿಗೆ ಕಟ್ಟುವವರು ಕಡಿಮೆಯಾದಾಗ, ದೊಡ್ಡ ಕಟ್ಟಡಗಳ ಬಿಲ್ಲು ಊರನ್ನೇ ನುಂಗುವ ಅಪಾಯವಿತ್ತು. ಹಸಿರು ಇಲ್ಲಿ ಅಲಂಕಾರವಲ್ಲ, ಖರ್ಚಿಗೆ ಹಾಕಿದ ಕಡಿವಾಣ.

ವಾಪಸ್ ಬರದವರು

ಈಗ ಕಹಿಯಾದ ಭಾಗ. ಹಾಗಾದರೆ ಅರ್ಧ ಜನ ಯಾಕೆ ಬರಲಿಲ್ಲ?

ಊರಿನಲ್ಲಿ ಹಳೆಯ ಮರದ ಮನೆಗಳು ಬಹಳ ಇದ್ದವು. ಸಾಲ ಯಾವತ್ತೋ ತೀರಿತ್ತು, ಮಾರುಕಟ್ಟೆ ಬೆಲೆ ತೀರ ಕಡಿಮೆ. ವಿಮೆ ಕೊಟ್ಟಿದ್ದು ಆ ಹಳೆಯ ಮನೆಯ ಲೆಕ್ಕಕ್ಕೆ. ಹೊಸ ಮನೆ ಕಟ್ಟುವ ಖರ್ಚು ಅದರ ಎಷ್ಟೋ ಪಟ್ಟು. 75 ವಯಸ್ಸಿನ ಅಜ್ಜಿ ಹೊಸದಾಗಿ ಬ್ಯಾಂಕ್ ಸಾಲ ತೆಗೆದು ಮನೆ ಕಟ್ಟುತ್ತಾಳೆಯೇ? ಮಗಳ ಊರಿಗೆ ಹೋಗುತ್ತಾಳೆ. ಬಾಡಿಗೆಗಿದ್ದವರ ಕಥೆ ಇನ್ನೂ ಸರಳ. ಅಗ್ಗದ ಬಾಡಿಗೆ ಮನೆಗಳೇ ಮಾಯ. ಕಟ್ಟಿಸಿದವರ ಹೊಸ ಮನೆ ಗಟ್ಟಿ, ಬೆಚ್ಚಗೆ, ಬಿಲ್ಲು ಕಡಿಮೆ. ಬೆಲೆ ಮಾತ್ರ ಮೊದಲಿನಂತಿಲ್ಲ. ಗ್ರೀನ್‌ಟೌನ್ ಸಂಸ್ಥೆ ಧಾನ್ಯದ ಕಣಜದ ಆಕಾರದ ದುಂಡನೆಯ ಕಾಂಕ್ರೀಟ್ ಮನೆಯೊಂದನ್ನು ಮಾದರಿಗೆ ಕಟ್ಟಿ ತೋರಿಸಿತು. ಪ್ರವಾಸಿಗರು ಬಂದು ಉಳಿದರು. ಊರಿನವರು ಮಾತ್ರ ತಮಗೆ ಗೊತ್ತಿರುವ ಚೌಕಾಕಾರದ ಮನೆಯನ್ನೇ, ಗೋಡೆ ದಪ್ಪ ಮಾಡಿ, ಕಿಟಕಿ ಬದಲಿಸಿ ಕಟ್ಟಿಕೊಂಡರು. ಜಾಣರು.

ಸಾರ್ವಜನಿಕ ಕಟ್ಟಡಕ್ಕೆ ಬಂದ ದುಡ್ಡಿನ ದಾರಿ ಮತ್ತು ಮನೆಗೆ ಬಂದ ದುಡ್ಡಿನ ದಾರಿ ಬೇರೆ ಬೇರೆ. ಮೊದಲನೆಯದು ಹೆದ್ದಾರಿ, ಎರಡನೆಯದು ಕಾಲುದಾರಿ. ಊರಿನ ಚಿತ್ರ ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ: ನಡುವೆ ಚಂದದ ಕಟ್ಟಡಗಳು, ಸುತ್ತ ಖಾಲಿ ಸೈಟುಗಳು. ಇದನ್ನು ಹಸಿರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಾಮೂಲಿಯಾಗಿ ಕಟ್ಟಿದ್ದರೂ ಅಜ್ಜಿಗೆ ಸಾಲ ಸಿಗುತ್ತಿರಲಿಲ್ಲ. ಆದರೆ ಹಸಿರಿನ ಗಲಾಟೆಯಲ್ಲಿ ಬಾಡಿಗೆ ಮನೆಯ ಪ್ರಶ್ನೆ ಹಿಂದೆ ಬಿತ್ತು ಅನ್ನುವುದನ್ನು ಒಪ್ಪಲೇಬೇಕು. ಬಂದ ಕ್ಯಾಮೆರಾಗಳಿಗೆ ಗಾಳಿಯಂತ್ರ ಬೇಕಿತ್ತು, ಅಗ್ಗದ ಎರಡು ಕೋಣೆಯ ಮನೆಯ ಚಿತ್ರ ಯಾರಿಗೆ ಬೇಕು?

ಹಸಿರಿನ ಹೆಸರು ಕೇಳಿ ಕಾರ್ಖಾನೆಗಳು ಬರುತ್ತವೆ, ಹೊಸ ಉದ್ಯೋಗ ಬರುತ್ತದೆ ಅಂತ ಆಗ ದೊಡ್ಡ ನಿರೀಕ್ಷೆ ಇತ್ತು. ಆ ಪ್ರಮಾಣದಲ್ಲಿ ಬರಲಿಲ್ಲ. 2008ರ ಆರ್ಥಿಕ ಕುಸಿತ ಅದೇ ಹೊತ್ತಿಗೆ ಬಂದಿದ್ದು ಒಂದು ಕಾರಣ. ರೈಲು, ರಸ್ತೆ ಎಲ್ಲ ಇದ್ದರೂ ಕೆಲಸಗಾರರೇ ಇಲ್ಲದ ಜಾಗಕ್ಕೆ ಕಾರ್ಖಾನೆ ಯಾಕೆ ಬರುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ವಾಲಾಕ್ ಅವರ ಸಂಸ್ಥೆ 2011ರಲ್ಲಿ ಮಿಸೌರಿಯ ಜಾಪ್ಲಿನ್ ನಗರಕ್ಕೆ ಇಂಥದ್ದೇ ಗಾಳಿ ಬಂದಾಗ ಅಲ್ಲಿಗೂ ಹೋಯಿತು. ಹ್ಯುವಿಟ್ ಕೂಡ ಅದೇ ವರ್ಷ ಬೇರೆ ಊರಿನ ಕೆಲಸಕ್ಕೆ ಹೋದರು. ಪಕ್ಕದ ಮಲಿನ್‌ವಿಲ್ ಊರಿನ ಶಾಲಾ ಜಿಲ್ಲೆ ಇಲ್ಲಿಯದರ ಜೊತೆ ಸೇರಿಕೊಂಡಿತು. ಹೊಸ ಶಾಲೆಗೆ 'ಗ್ರೀನ್ಸ್‌ಬರ್ಗ್' ಹೆಸರಿಲ್ಲ, ಅದು ಕಯೋವಾ ಕೌಂಟಿ ಶಾಲೆ.

ಜನಗಣತಿಯನ್ನು ಇನ್ನೊಮ್ಮೆ ನೋಡಿದಾಗ

ಕಯೋವಾ ಕೌಂಟಿಯಲ್ಲಿ 2000ದಲ್ಲಿ 3,278 ಜನ. 2010ರಲ್ಲಿ 2,553. ಅಂದರೆ 725 ಕಡಿಮೆ. ಅದೇ ಹತ್ತು ವರ್ಷದಲ್ಲಿ ಗ್ರೀನ್ಸ್‌ಬರ್ಗ್ ಊರೊಂದೇ 797 ಜನರನ್ನು ಕಳೆದುಕೊಂಡಿತು. ಊರಿನ ಹೊರಗೆ, ಕೌಂಟಿಯ ಒಳಗೆ ಜನ ಸ್ವಲ್ಪ ಹೆಚ್ಚಾದರು ಅಂತ ಇದರ ಅರ್ಥ. ಮೊದಲು ಕೌಂಟಿಯ ಹೆಚ್ಚುಕಡಿಮೆ ಅರ್ಧ ಜನ ಕೇಂದ್ರ ಊರಿನಲ್ಲಿದ್ದರು. ಈಗ ಹತ್ತರಲ್ಲಿ ಮೂವರು. ಉಳಿದವರು ಸುತ್ತಲಿನ ಊರು, ಹೊಲಗಳಿಂದ ಕೋರ್ಟಿಗೆ, ಆಸ್ಪತ್ರೆಗೆ, ಶಾಲೆಗೆ ಕಾರಿನಲ್ಲಿ ಬರುತ್ತಾರೆ. ಹೊಸ ಕಟ್ಟಡಗಳು 740 ಜನರಿಗೆ ತೀರ ದೊಡ್ಡವು ಅನ್ನುವ ಟೀಕೆ ಇಲ್ಲಿ ಎಡವುತ್ತದೆ. ಅವು ಕಟ್ಟಿದ್ದು 2,460 ಜನರಿಗೆ. 2020ರಲ್ಲಿ ಕೌಂಟಿಯ ಲೆಕ್ಕ ಅಷ್ಟು.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಕುತೂಹಲದ್ದು. 1960ರಿಂದ 2000ದವರೆಗೆ, ನಲವತ್ತು ವರ್ಷದಲ್ಲಿ, ಊರು ಸುಮಾರು ಶೇ. 20 ಜನರನ್ನು ಕಳೆದುಕೊಂಡಿತ್ತು. ದಶಕಕ್ಕೆ ಶೇ. 5ರ ಲೆಕ್ಕ. 2010ರಿಂದ 2020ರವರೆಗೆ 777 ಇದ್ದಿದ್ದು 740 ಆಯಿತು. ಅದೂ ಶೇ. 5ರ ಹತ್ತಿರ. ಗಾಳಿ ಒಂದೇ ರಾತ್ರಿಯಲ್ಲಿ ಅರ್ಧ ಊರನ್ನು ಕೊಂಡೊಯ್ದ ಮೇಲೆ, ಹಳೆಯ ಇಳಿಜಾರು ಅದೇ ಕೋನದಲ್ಲಿ ಮತ್ತೆ ಶುರುವಾಗಿದೆ. ಪ್ಲಾಟಿನಂ ಕಟ್ಟಡಗಳು ಅದನ್ನು ನಿಲ್ಲಿಸಿಲ್ಲ, ಜಾಸ್ತಿಯನ್ನೂ ಮಾಡಿಲ್ಲ. ಆ ಇಳಿಜಾರಿಗೆ ಕಾರಣ ಗೋಧಿ ಹೊಲದ ಗಾತ್ರ, ಟ್ರ್ಯಾಕ್ಟರಿನ ಗಾತ್ರ, ಓದಿ ಹೊರಟ ಮಕ್ಕಳು. ನಗರಸಭೆಯ ಯಾವ ಠರಾವಿಗೂ ಅವು ಸಿಗುವುದಿಲ್ಲ.